ಕುರಿಯ ಆರ್‌ಎನ್‌ಎ ಯಾವುದು, ಹುಳುವಿನದು ಯಾವುದು

ಎಕಿನೊಕಾಕಸ್ ಗ್ರಾನುಲೋಸಸ್ ಎಂಬ ಲಾಡಿಹುಳು ಪೂರ್ತಿ ಬೆಳೆದರೂ 7 ಮಿಲಿಮೀಟರ್ ದಾಟುವುದು ಅಪರೂಪ. ನಾಯಿಯ ಸಣ್ಣಕರುಳಿನಲ್ಲಿ ಅದು ತನ್ನ ಪಾಡಿಗೆ ತಾನಿರುತ್ತದೆ. ತೊಂದರೆಯೆಲ್ಲ ಅದರ ಮರಿ ಹಂತದ್ದು. ನಾಯಿಯ ಮಲದೊಂದಿಗೆ ಹೊರಬಿದ್ದ ಮೊಟ್ಟೆ ಕುರಿಯ ಅಥವಾ ಮನುಷ್ಯನ ಹೊಟ್ಟೆ ಸೇರಿದರೆ, ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಗುಳ್ಳೆಯಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಆ ಗುಳ್ಳೆಯೊಳಗೆ ಹುಟ್ಟುವ ಪ್ರೋಟೋಸ್ಕೋಲೆಕ್ಸ್ ಎಂಬ ಪುಟ್ಟ ತಲೆಗಳಿಗೆ ಎರಡು ದಾರಿಗಳಿವೆ: ನಾಯಿಯ ಕರುಳು ಸಿಕ್ಕರೆ ಹುಳುವಾಗುತ್ತವೆ, ಗುಳ್ಳೆ ಒಡೆದು ಕುರಿಯ ಮೈಯೊಳಗೇ ಚೆಲ್ಲಿದರೆ ಮತ್ತೆ ಗುಳ್ಳೆಗಳಾಗುತ್ತವೆ. ಜೀನುಗಳು ಅವೇ ಆಗಿದ್ದರೂ ದಾರಿ ಕವಲೊಡೆಯುವಾಗ ಯಾವ ಮೈಕ್ರೋ ಆರ್‌ಎನ್‌ಎಗಳು ಏರುತ್ತವೆ, ಯಾವುವು ಇಳಿಯುತ್ತವೆ ಎಂಬುದು ನನ್ನ ಪಿಎಚ್‌ಡಿಯ ಪ್ರಶ್ನೆಯಾಗಿತ್ತು.

ಮೈಕ್ರೋ ಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳ (ನ್ಯೂಕ್ಲಿಯೊಟೈಡ್‌ಗಳ) ಆರ್‌ಎನ್‌ಎ ತುಣುಕು. ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಾಗುವುದನ್ನು ತಗ್ಗಿಸುತ್ತದೆ. 1993ರಲ್ಲಿ ಮೊದಲು ಗುರುತಿಸಿದ ಲಿನ್-4 ಕೂಡ ಒಂದು ದುಂಡುಹುಳುವಿನ ಬೆಳವಣಿಗೆಯ ಹಂತಗಳನ್ನು ನಿಯಂತ್ರಿಸುವಂಥದ್ದೇ. 2013ರಲ್ಲಿ ಲಾಡಿಹುಳುಗಳ ಜೀನೋಮ್‌ಗಳು ಪ್ರಕಟವಾದಾಗ, ಬೇರೆ ಪ್ರಾಣಿಗಳಲ್ಲಿ ಸಾಮಾನ್ಯವಾದ ಪಿವಿ ಮತ್ತು ವಾಸಾ ಜೀನುಗಳು ಇವುಗಳಲ್ಲಿ ಇಲ್ಲವೆಂದು ತಿಳಿಯಿತು. ಪಿವಿ ಪ್ರೋಟೀನು ಪಿಐಆರ್‌ಎನ್‌ಎ ಎಂಬ ಸಣ್ಣ ಆರ್‌ಎನ್‌ಎಗಳ ಜೊತೆ ಕೆಲಸ ಮಾಡುವಂಥದ್ದು. ಸಣ್ಣ ಆರ್‌ಎನ್‌ಎಗಳ ಒಂದು ಇಡೀ ವ್ಯವಸ್ಥೆಯೇ ಹೀಗೆ ಕಳೆದುಹೋಗಿರುವಾಗ, ಉಳಿದಿರುವ ಕೆಲವೇ ಮೈಕ್ರೋ ಆರ್‌ಎನ್‌ಎಗಳ ಹೆಗಲ ಮೇಲೆ ಹೊರೆ ಹೆಚ್ಚಿರಬೇಕೆಂಬುದು ನನ್ನ ಊಹೆ.

ಮಾದರಿಗಾಗಿ ಬೆಳಗಿನ ಜಾವ ಬೆಂಗಳೂರಿನ ಟ್ಯಾನರಿ ರಸ್ತೆಯ ಕಸಾಯಿಖಾನೆಯ ಕಡೆಗೆ ಹೋಗುತ್ತಿದ್ದೆ. "ಏನ್ ಮೇಡಂ, ಎಲ್ಲರೂ ಚೆನ್ನಾಗಿರೋ ಲಿವರ್ ಕೇಳ್ತಾರೆ, ನೀವು ಕೆಟ್ಟಿರೋದನ್ನೇ ಎತ್ತಿಡು ಅಂತೀರಲ್ಲ?" ಎಂದು ಕೆಲಸದವರೊಬ್ಬರು ಪ್ರತಿ ಸಲವೂ ನಗುತ್ತಿದ್ದರು. ದನದ ಗುಳ್ಳೆಗಳಲ್ಲಿ ಅನೇಕವು ಬಂಜೆ, ಒಳಗೆ ಬರೀ ನೀರು. ಹಾಗಾಗಿ ಕುರಿಯದ್ದನ್ನೇ ಆರಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಮೇಕ್ರಿ ಸರ್ಕಲ್‌ನ ದಟ್ಟಣೆ ಶುರುವಾಗುವ ಮುನ್ನ ಹೆಬ್ಬಾಳದ ಕಡೆಯ ಪ್ರಯೋಗಾಲಯ ತಲುಪಬೇಕಿತ್ತು. ಸಿರಿಂಜಿನಿಂದ ನೀರನ್ನು ಎಳೆದು ಕೊಳವೆಗೆ ಬಿಟ್ಟರೆ ಪ್ರೋಟೋಸ್ಕೋಲೆಕ್ಸ್‌ಗಳು ಸಣ್ಣ ಮರಳಿನಂತೆ ತಳಕ್ಕಿಳಿಯುತ್ತವೆ. ಇದನ್ನು ಹೈಡಾಟಿಡ್ ಮರಳು ಎಂದೇ ಕರೆಯುತ್ತಾರೆ. ಇಯೋಸಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸತ್ತವು ಕೆಂಪಗಾಗುತ್ತವೆ. ಬದುಕಿರುವವು ಬಣ್ಣ ಹಿಡಿಯದೆ, ಒಳಗಿನ ಜ್ವಾಲಾಕೋಶಗಳನ್ನು (ವಿಸರ್ಜನೆಯ ಕೋಶಗಳನ್ನು) ಮಿಣಮಿಣ ಮಿಡಿಸುತ್ತಿರುತ್ತವೆ.

ಮೊದಲ ಮೂರು ಸಲದ ಆರ್‌ಎನ್‌ಎ ವ್ಯರ್ಥವಾಯಿತು, ತಪ್ಪು ನನ್ನದೇ. ಆರ್‌ಎನ್‌ಎ ಬೇರ್ಪಡಿಸಲು ಕೈಗೆ ಸಿಕ್ಕ ಸಾಮಾನ್ಯ ಕಾಲಮ್ ಕಿಟ್ ಬಳಸಿದ್ದೆ. ಅದರ ಪೊರೆ 200 ಅಕ್ಷರಗಳಿಗಿಂತ ಉದ್ದವಾದವನ್ನಷ್ಟೇ ಹಿಡಿದಿಟ್ಟುಕೊಂಡು, ನನಗೆ ಬೇಕಾದುದನ್ನೆಲ್ಲ ತೊಳೆದ ನೀರಿನೊಂದಿಗೆ ಹೊರಹಾಕುತ್ತದೆ. ಅಳತೆಯ ಯಂತ್ರದಲ್ಲಿ ಪ್ರಮಾಣವೂ ಶುದ್ಧತೆಯೂ ಚೆನ್ನಾಗಿಯೇ ಇದ್ದುದರಿಂದ ಅನುಮಾನ ಬರಲಿಲ್ಲ. ಜೆಲ್‌ನ ತಳಭಾಗದಲ್ಲಿ ಟಿಆರ್‌ಎನ್‌ಎ ಎಂಬ ಸಣ್ಣ ಆರ್‌ಎನ್‌ಎಯ ಪಟ್ಟಿ ಇರಬೇಕಾದ ಜಾಗ ಖಾಲಿಯಾಗಿದ್ದುದನ್ನು ಕಂಡಾಗಲೇ ವಿಷಯ ಹೊಳೆಯಿತು. ಆಮೇಲೆ ಫೀನಾಲ್ ವಿಧಾನಕ್ಕೆ ಬಂದು, ಗ್ಲೈಕೋಜನ್ ಬೆರೆಸಿ, ಐಸೊಪ್ರೊಪನಾಲ್‌ನಲ್ಲಿ ಇಡೀ ರಾತ್ರಿ ಮೈನಸ್ 20 ಡಿಗ್ರಿಯಲ್ಲಿಟ್ಟೆ.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಮುಗಿದಾಗ ಲೆಟ್-7 ಎಂಬ ಮೈಕ್ರೋ ಆರ್‌ಎನ್‌ಎ ಗುಂಪು ಎದ್ದು ಕಾಣುವಷ್ಟು ಹೆಚ್ಚಿತ್ತು, ನಾನು ಹಿಗ್ಗಿದೆ. ಆದರೆ ನಾನು ಎಣಿಕೆಯನ್ನು ಬೀಜಭಾಗದ, ಅಂದರೆ 2ರಿಂದ 8ನೆಯ ಅಕ್ಷರದವರೆಗಿನ ಭಾಗದ ಆಧಾರದ ಮೇಲೆ ಒಟ್ಟುಗೂಡಿಸಿದ್ದೆ. ಲೆಟ್-7ರ ಬೀಜಭಾಗ ಕುರಿಯಲ್ಲೂ ಹುಳುವಿನಲ್ಲೂ ಒಂದೇ, ಬಾಲ ಮಾತ್ರ ಬೇರೆ. ಪೂರ್ತಿ ಅಕ್ಷರಗಳನ್ನಿಟ್ಟು ಮರುಎಣಿಕೆ ಮಾಡಿದಾಗ ಅದರಲ್ಲಿ ಹೆಚ್ಚಿನ ಪಾಲು ಕುರಿಯದೆಂದು ತಿಳಿಯಿತು. ಅಂದಿನಿಂದ ಪ್ರತಿ ಮಾದರಿಗೂ ಎರಡು ಸಾಕ್ಷಿಗಳನ್ನು ಕೇಳುತ್ತೇನೆ. ಮಿರ್-71 ಎಂಬ ಮೈಕ್ರೋ ಆರ್‌ಎನ್‌ಎ ಕಶೇರುಕ ಪ್ರಾಣಿಗಳಲ್ಲಿ ಇಲ್ಲ, ಈ ಹುಳುವಿನಲ್ಲಿ ಹೇರಳ. ಮಿರ್-122 ಇದಕ್ಕೆ ತದ್ವಿರುದ್ಧ: ಕಶೇರುಕಗಳ ಯಕೃತ್ತಿನಲ್ಲಿ ತುಂಬಿರುತ್ತದೆ, ಹುಳುವಿನಲ್ಲಿ ಇಲ್ಲ. ಯಕೃತ್ತಿನ ಗುಳ್ಳೆಯಿಂದ ತೆಗೆದ ಮಾದರಿಯಲ್ಲಿ ಮೊದಲನೆಯದು ಜೋರಾಗಿ ಬಂದು ಎರಡನೆಯದು ಬಾರದಿದ್ದರೆ ಮಾತ್ರ ತೊಳೆದದ್ದು ಸಾಕೆಂದು ಒಪ್ಪುತ್ತೇನೆ. ಪೆಪ್ಸಿನ್ ಹಾಕಿ ಗುಳ್ಳೆಪೊರೆಯ ಚೂರುಗಳನ್ನು ಕರಗಿಸಿದ ಮೇಲೆ ಫಲಿತಾಂಶ ಬಹಳ ಸುಧಾರಿಸಿತು.

ಇದೇ ಕುಲದ ಇನ್ನೊಂದು ಹುಳುವಾದ ಎಕಿನೊಕಾಕಸ್ ಮಲ್ಟಿಲೊಕುಲಾರಿಸ್‌ನ ಜೀವಕೋಶಗಳಲ್ಲಿ ಮಿರ್-71 ಅನ್ನು ತಡೆದರೆ ಗುಳ್ಳೆ ಕಟ್ಟುವ ಕ್ರಿಯೆ ಕುಂಠಿತವಾಗುತ್ತದೆಂದು ಸಂಶೋಧಕರು ತೋರಿಸಿದ್ದಾರೆ. ಕುರಿಯಲ್ಲೂ ಮನುಷ್ಯನಲ್ಲೂ ಇಲ್ಲದ ಈ ತುಣುಕನ್ನು ಔಷಧದ ಗುರಿಯಾಗಿಸಬಹುದೆಂಬ ಆಸೆ ಹುಟ್ಟುವುದು ಇದರಿಂದಲೇ. ನಾನೂ ಇಡೀ ಪ್ರೋಟೋಸ್ಕೋಲೆಕ್ಸ್‌ಗಳೊಳಗೆ ತಡೆಯುವ ತುಣುಕನ್ನು ವಿದ್ಯುತ್ ಆಘಾತದಿಂದ ತೂರಿಸಲು ನೋಡಿದೆ. ಮರುದಿನ ಇಯೋಸಿನ್ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಕೆಂಪಗಾಗಿದ್ದವು, ಏನೂ ತೂರಿಸದೆ ಬರೀ ಆಘಾತ ಕೊಟ್ಟ ಕೊಳವೆಯಲ್ಲೂ ಅಷ್ಟೇ. ಈಗ ವೋಲ್ಟೇಜನ್ನು ಹಂತಹಂತವಾಗಿ ಇಳಿಸುತ್ತ ಬರೀ ಆಘಾತದ ಕೊಳವೆಯನ್ನಷ್ಟೇ ನೋಡುತ್ತಿದ್ದೇನೆ. ಅದರಲ್ಲಿ ಹುಳುಗಳು ಉಳಿಯುವವರೆಗೆ ಮಿರ್-71 ತಡೆಯುವ ತುಣುಕಿನ ಕೊಳವೆಯನ್ನು ಫ್ರೀಜರಿನಿಂದ ತೆಗೆಯುವುದಿಲ್ಲ.