ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಕೊಳಲು

ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಗಣಪತಿ ಹಬ್ಬಕ್ಕೆ ಎರಡೇ ತಿಂಗಳಿತ್ತು, ಶಿವಮೊಗ್ಗ, ಭದ್ರಾವತಿ ಸುತ್ತ ಏಳೆಂಟು ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಹಾಡಿನ ಮಧ್ಯೆ ಬರುವ ಕೊಳಲಿನ ಬಿಟ್, ಪಿಟೀಲಿನ ಬಿಟ್ ಎಲ್ಲವೂ ಅವನ ಕೈಯಲ್ಲೇ ಇದ್ದವು. "ಅಣ್ಣ, ಗಿಟಾರಲ್ಲೇ ಕೊಳಲು ಬರೋ ಹಾಗೆ ಮಾಡ್ತಾರಂತಲ್ಲ, ನೋಡಿ ಒಂದ್ಸಲ" ಎಂದು ಹಾಡುವ ಹುಡುಗಿ ಅಂದಳು. ನನಗೆ ಅಷ್ಟು ನೆಪ ಸಾಕಿತ್ತು.

ನನ್ನ ಷರತ್ತು ಒಂದೇ. ನಾನು ಓಡಾಡುವುದು ಸ್ಕೂಟರಿನಲ್ಲಿ. ಗಿಟಾರ್ ಬೆನ್ನಿಗೆ, ಮಿಕ್ಕಿದ್ದೆಲ್ಲ ಕಾಲಿಡುವ ಜಾಗದಲ್ಲಿ ಒಂದು ಬ್ಯಾಗಿನೊಳಗೆ ಕೂರಬೇಕು. ಅದಕ್ಕಿಂತ ದೊಡ್ಡದು ಎಷ್ಟೇ ಚೆನ್ನಾಗಿದ್ದರೂ ಬೇಡ.

ಮನೆಯಲ್ಲಿ "ಮಿಡಿ ತರಿಸಬೇಕು" ಅಂದಾಗ ಅಮ್ಮ, "ಈಗೆಲ್ಲಿ ಸಿಗುತ್ತೆ ಮಿಡಿ, ಕಾಲ ಮುಗೀತಲ್ಲ" ಅಂದರು. ಮಲೆನಾಡಿನ ಮನೆ, ಉಪ್ಪಿನಕಾಯಿ ಬಿಟ್ಟು ಬೇರೆ ಮಿಡಿ ಗೊತ್ತಿಲ್ಲ. ಇದು ಆ ಮಿಡಿ ಅಲ್ಲ. ಯಾವ ಸ್ವರ, ಎಷ್ಟು ಜೋರಾಗಿ, ಯಾವಾಗ ನಿಲ್ಲಬೇಕು ಅಂತ ಒಂದು ವಾದ್ಯ ಇನ್ನೊಂದಕ್ಕೆ ಕಳಿಸುವ ಚೀಟಿ. ಕೀಬೋರ್ಡಿಗೆ ಇದು ಸಲೀಸು, ಯಾವ ಕೀಲಿ ಒತ್ತಿದರು ಅಂತ ಅದಕ್ಕೆ ಗೊತ್ತು. ಗಿಟಾರಿಗೆ ಗೊತ್ತಿಲ್ಲ. ತಂತಿ ಅಲುಗಾಡುವುದನ್ನು ಕೇಳಿ ಸ್ವರ ಊಹಿಸಬೇಕು. ತೊಂದರೆ ಶುರುವಾಗುವುದೇ ಇಲ್ಲಿ.

ಮೊದಲು ನೋಡಿದ್ದು ರೋಲ್ಯಾಂಡ್ ಕಂಪನಿಯ ದಾರಿ. ಅವರು 1977ರಲ್ಲೇ ಜಿಆರ್-500 ಎಂಬ ಗಿಟಾರ್ ಸಿಂಥ್, ಅಂದರೆ ಗಿಟಾರ್ ಮೀಟಿದರೆ ಬೇರೆ ದನಿ ಹೊರಡಿಸುವ ಯಂತ್ರ, ತಂದವರು. ಜಿಕೆ-3 ಅಂತ ಒಂದು ತೆಳ್ಳನೆ ಪಿಕಪ್ (ತಂತಿಯ ಅಲುಗಾಟ ಹಿಡಿಯುವ ಪಟ್ಟಿ) ಇದೆ. ಗಿಟಾರಿನ ಮೈಮೇಲೆ ತಂತಿ ಕೂರುವ ಬ್ರಿಡ್ಜ್ ಪಕ್ಕ ಅಂಟಿಸಿದರೆ ಆರು ತಂತಿಗಳನ್ನೂ ಬೇರೆ ಬೇರೆಯಾಗಿ ಕೇಳುತ್ತದೆ, 13 ಪಿನ್ನಿನ ದಪ್ಪ ಕೇಬಲ್ಲಿನಲ್ಲಿ ಕಳಿಸುತ್ತದೆ. ಸ್ಟೀಲ್ ತಂತಿಗೆ ಮಾತ್ರ, ನೈಲಾನಿಗೆ ಆಗುವುದಿಲ್ಲ. ಅದನ್ನು ಸೇರಿಸಿಕೊಳ್ಳುವ ಜಿಆರ್-55ರಲ್ಲಿ ಕೊಳಲು, ಪಿಟೀಲು ಎಲ್ಲ ಒಳಗೇ ಇವೆ. ಕಂಪ್ಯೂಟರ್ ಬೇಡ. ಆದರೆ ಮೂರು ಕೆಜಿ ಮೇಲಿದೆ, ಸ್ಕೂಟರಿನಲ್ಲಿ ನನ್ನ ಕಾಲಿಗೆ ಜಾಗವೇ ಉಳಿಯುವುದಿಲ್ಲ. ರೋಲ್ಯಾಂಡಿನವರದೇ ಬಾಸ್ ಬ್ರಾಂಡಿನ ಜಿಪಿ-10 ಚಿಕ್ಕದು, ಆದರೆ ಅದರಲ್ಲಿ ನಿಜವಾದ ಕೊಳಲಿನ ದನಿ ಇಲ್ಲ. ಮಿಡಿ ಬರುವುದು ಯುಎಸ್‌ಬಿಯಲ್ಲಿ, ಅಂದರೆ ಆ ಕಡೆ ಒಂದು ಕಂಪ್ಯೂಟರ್ ಬೇಕೇ ಬೇಕು. ಚಿಕ್ಕ ಪೆಟ್ಟಿಗೆ ಅಂತ ಕೊಂಡರೆ ಲ್ಯಾಪ್‌ಟಾಪ್ ಬೆನ್ನಿಗೆ ಬೀಳುತ್ತದೆ.

ಈ ಯುಎಸ್‌ಬಿ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಎರಡು ಪೆಟ್ಟಿಗೆಗಳಲ್ಲೂ ಯುಎಸ್‌ಬಿ ತೂತು ಇದೆ, ವೈರ್ ಹಾಕಿದರೆ ಮಾತಾಡುತ್ತವೆ ಅಂದುಕೊಳ್ಳುತ್ತೇವೆ. ಆಡುವುದಿಲ್ಲ. ಎರಡರಲ್ಲಿ ಒಂದು ಹೋಸ್ಟ್, ಅಂದರೆ ಕಂಪ್ಯೂಟರಿನ ಹಾಗೆ ಮಾತುಕತೆ ನಡೆಸುವ ಯಜಮಾನ, ಆಗಿರಬೇಕು. ಹಳೆಯ 5 ಪಿನ್ನಿನ ಮಿಡಿಯಲ್ಲಿ ಈ ರಗಳೆ ಇರಲಿಲ್ಲ. ಇನ್ನೊಂದು ವಿಷಯ. ಅದೇ ಕಂಪನಿಯಿಂದ 2023ರಲ್ಲಿ ಬಂದ ಜಿಕೆ-5 ಪಿಕಪ್, ಜಿಎಂ-800 ಪೆಟ್ಟಿಗೆ ಬೇರೆ ಥರದ ಕೇಬಲ್ ಬಳಸುತ್ತವೆ. ಹಳೇ 13 ಪಿನ್ ಪಿಕಪ್ ಅದಕ್ಕೆ ನೇರವಾಗಿ ಕೂರುವುದಿಲ್ಲ, ನಡುವೆ ಒಂದು ಕನ್ವರ್ಟರ್ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದರ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ.

ಫಿಶ್‌ಮನ್ ಟ್ರಿಪಲ್‌ಪ್ಲೇಯಲ್ಲಿ ವೈರ್ ಇಲ್ಲ. ಆದರೆ ದನಿ ಅದರೊಳಗಿಲ್ಲ, ಅದಕ್ಕೂ ಕಂಪ್ಯೂಟರೋ ಟ್ಯಾಬ್ಲೆಟ್ಟೋ ಬೇಕು. ಸೋನೂಸ್ ಜಿ2ಎಂ ಅಂಗೈ ಅಗಲದ ಪೆಟ್ಟಿಗೆ. ಸಾಮಾನ್ಯ ಗಿಟಾರ್ ವೈರ್ ಸಾಕು, ಒಂದು ಹೊತ್ತಿಗೆ ಒಂದೇ ಸ್ವರ. ಅದನ್ನು ಓದಿದಾಗ "ಒಂದೇ ಸ್ವರಾನಾ?" ಅಂತ ಮೂಗು ಮುರಿದಿದ್ದೆ. ಆಮೇಲೆ ಕೂತು ನಮ್ಮ ಹಾಡುಗಳ ಪಟ್ಟಿ ಬರೆದೆ. ಕೊಳಲು, ಪಿಟೀಲು, ಶಹನಾಯಿ. ಒಂದು ಬಿಟ್ಟಿನಲ್ಲೂ ಎರಡು ಸ್ವರ ಒಟ್ಟಿಗೆ ಇಲ್ಲ! ಒಟ್ಟಿಗೆ ಬೇಕಿದ್ದದ್ದು ಹಿಂದೆ ತುಂಬುವ ಆರ್ಗನ್ನು, ಸ್ಟ್ರಿಂಗ್ಸ್ ಮಾತ್ರ. ಅದಕ್ಕೆ ಮಿಡಿಯೇ ಬೇಡ.

ಹಾಗಾಗಿ ಕೆಲಸವನ್ನು ಎರಡು ಮಾಡಿದೆ. ಕಾರ್ಡ್‌ಗಳಿಗೆ, ಅಂದರೆ ಒಟ್ಟಿಗೆ ಮೀಟುವ ಸ್ವರಗಳಿಗೆ, ಬಾಸ್ ಎಸ್‌ವೈ-1. ಕಾಲಲ್ಲಿ ಒತ್ತುವ ಮಾಮೂಲಿ ಪೆಡಲ್ ಗಾತ್ರ, 121 ದನಿ, ಸಾಮಾನ್ಯ ಪಿಕಪ್ ಸಾಕು. ಅದು ಸ್ವರವನ್ನು ಊಹಿಸಿ ಚೀಟಿ ಬರೆಯುವುದಿಲ್ಲ, ಗಿಟಾರ್ ದನಿಯನ್ನೇ ತಿರುಚುತ್ತದೆ, ಹಾಗಾಗಿ ಕಾಯುವ ಮಾತಿಲ್ಲ. ಒಂಟಿ ಸ್ವರದ ಬಿಟ್‌ಗಳಿಗೆ ಮನೆಯಲ್ಲಿದ್ದ ಹಳೇ ಐಪ್ಯಾಡ್, ಅದರಲ್ಲಿ ಗಿಟಾರ್ ಕೇಳಿ ಮಿಡಿ ಚೀಟಿ ಬರೆಯುವ ಜ್ಯಾಮ್ ಒರಿಜಿನ್‌ನವರ ಮಿಡಿ ಗಿಟಾರ್ 2 ಆಪ್, ಆ ಚೀಟಿ ಓದಿ ಕೊಳಲಿನ ದನಿ ಮಾಡುವ ಇನ್ನೊಂದು ಆಪ್, ಜೊತೆಗೆ ಗಿಟಾರನ್ನು ಐಪ್ಯಾಡಿಗೆ ಸೇರಿಸುವ ಒಂದು ಚಿಕ್ಕ ಆಡಿಯೊ ಇಂಟರ್‌ಫೇಸ್. ಮಿಡಿ ಗಿಟಾರ್ ಆಪ್‌ಗೂ ವಿಶೇಷ ಪಿಕಪ್ ಬೇಡ. ಬಹುಸ್ವರ ಮೋಡ್ ಇದ್ದರೂ ನಾನು ಮೋನೊದಲ್ಲೇ, ಅಂದರೆ ಒಂದೇ ಸ್ವರಕ್ಕೆ, ಇಟ್ಟಿದ್ದೇನೆ.

ತಂತಿ ಮೀಟಿದ ಮೇಲೆ ಕೊಳಲು ಕೇಳಲು ಆಗುವ ತಡ ಎಷ್ಟು ಅಂತ ಕಿವಿಯಲ್ಲಿ ಅಳೆಯಲು ಹೋಗಬೇಡಿ. ನಾನು ಗಿಟಾರಿನ ದನಿಯನ್ನು ಒಂದು ಟ್ರ್ಯಾಕ್‌ಗೆ, ಕೊಳಲಿನ ದನಿಯನ್ನು ಇನ್ನೊಂದಕ್ಕೆ ರೆಕಾರ್ಡ್ ಮಾಡಿ, ಪರದೆಯ ಮೇಲೆ ದನಿಯ ಗೆರೆಗಳನ್ನು ದೊಡ್ಡದು ಮಾಡಿ ನೋಡಿದೆ. ಎರಡು ಗುಡ್ಡಗಳ ನಡುವಿನ ಅಂತರವೇ ತಡ. ಆರನೇ ತಂತಿಯಲ್ಲಿ ಆ ಅಂತರ ಮೊದಲನೇ ತಂತಿಯ ಎರಡರಷ್ಟಕ್ಕಿಂತ ಜಾಸ್ತಿ ಇತ್ತು. ಕಾರಣ ಸರಳ. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಅಲುಗುತ್ತದೆ, ಒಂದು ಸುತ್ತಿಗೇ 12 ಮಿಲಿಸೆಕೆಂಡ್. ತೆಳು ತಂತಿ ಸುಮಾರು 330 ಸಲ, ಸುತ್ತಿಗೆ 3 ಮಿಲಿಸೆಕೆಂಡ್. ಒಂದೆರಡು ಸುತ್ತು ನೋಡದೆ, ತಂತಿ ಕೇಳಿ ಊಹಿಸುವ ಯಾವ ಯಂತ್ರವೂ ಸ್ವರ ಹೇಳಲಾರದು, ಎಷ್ಟು ದುಡ್ಡು ಸುರಿದರೂ ಅಷ್ಟೇ. ಅದಕ್ಕೇ ಕೆಳಗಿನ ಸ್ವರ ಬೇಕಾದಾಗಲೂ ತೆಳು ತಂತಿಯಲ್ಲಿ ನುಡಿಸಿ, ಆಪ್‌ನಲ್ಲಿ ಒಂದು ಆಕ್ಟೇವ್ (ಒಂದು ಸ್ಥಾಯಿ) ಇಳಿಸುತ್ತೇನೆ. ಮೂರನೇ ತಂತಿಗಿಂತ ದಪ್ಪ ತಂತಿಗಳಿಗೆ ಕೈ ಹಾಕುವುದೇ ಇಲ್ಲ.

ಮೊದಲ ಕಾರ್ಯಕ್ರಮದಲ್ಲೇ ಮಾನ ಹೋಯಿತು. ತಪ್ಪು ನನ್ನದೇ. ಕೊಳಲಿನ ಬಿಟ್ಟಿನಲ್ಲಿ 5ನೇ ಫ್ರೆಟ್ಟಿನಿಂದ, ಅಂದರೆ ಗಿಟಾರಿನ ಕುತ್ತಿಗೆಯ 5ನೇ ಪಟ್ಟಿಯಿಂದ, 7ಕ್ಕೆ ಜಾರಿದೆ. ಕೊಳಲು ಅಲ್ಲಿಗೆ ಹೋಗಲೇ ಇಲ್ಲ. ಸ್ವಲ್ಪ ಮೇಲೆದ್ದು ಅಲ್ಲೇ ನರಳುತ್ತಾ ನಿಂತಿತು. ಹಾಡುವ ಹುಡುಗಿ ಮೈಕಿನಿಂದ ಮುಖ ತಿರುಗಿಸಿ, "ಏನಣ್ಣ, ಕೊಳಲಿಗೆ ಜ್ವರಾನಾ?" ಅಂದಳು.

ಆಗಿದ್ದಿಷ್ಟು. ಜಾರು ಅಂದರೆ ಹೊಸ ಸ್ವರ ಅಲ್ಲ, ಇರುವ ಸ್ವರವನ್ನೇ ಎಳೆಯುವುದು. ಮಿಡಿಯಲ್ಲಿ ಅದು ಪಿಚ್ ಬೆಂಡ್. ಪೂರ್ತಿ ಎಳೆದರೆ ಎಷ್ಟು ದೂರ ಅನ್ನುವುದನ್ನು ಕಳಿಸುವ ಆಪ್, ದನಿ ಮಾಡುವ ಆಪ್ ಎರಡರಲ್ಲೂ ಒಂದೇ ಥರ ಹೇಳಿರಬೇಕು. ನಾನು ಕಳಿಸುವ ಕಡೆ 12 ಸೆಮಿಟೋನ್ (ಒಂದು ಫ್ರೆಟ್ ಅಂದರೆ ಒಂದು ಸೆಮಿಟೋನ್) ಇಟ್ಟಿದ್ದೆ. ಕೊಳಲಿನ ಆಪ್‌ನಲ್ಲಿ 2 ಇತ್ತು. ಎರಡು ಫ್ರೆಟ್ ಜಾರಿದರೆ ಬಂದದ್ದು ಅದರ ಆರನೇ ಒಂದು ಪಾಲು! ಎರಡೂ ಕಡೆ 12 ಮಾಡಿದ ಮೇಲೆ ಜ್ವರ ಬಿಟ್ಟಿತು. ಬೆಂಡನ್ನೇ ತೆಗೆದುಹಾಕುವ ಸೆಟ್ಟಿಂಗೂ ಇರುತ್ತದೆ, ಹಾಕಿದರೆ ಶ್ರುತಿ ಪಕ್ಕಾ. ಆದರೆ ಜಾರು ಹೋಗಿ ಮೆಟ್ಟಿಲು ಬರುತ್ತದೆ, ಕೊಳಲು ಹಾರ್ಮೋನಿಯಂ ಆಗುತ್ತದೆ. ನಮ್ಮ ಹಾಡುಗಳಿಗೆ ಅದು ಸುಮ್ನೆ ದಂಡ.

ಯಂತ್ರಕ್ಕಿಂತ ಜಾಸ್ತಿ ಬದಲಾಗಬೇಕಾದದ್ದು ನನ್ನ ಕೈ. ನುಡಿಸದೆ ಬಿಟ್ಟ ತಂತಿಗಳು ತಾವೇ ಗುಂಯ್‌ಗುಟ್ಟುತ್ತಿರುತ್ತವೆ, ನಮಗೆ ಕೇಳುವುದಿಲ್ಲ, ಆಪ್‌ಗೆ ಕೇಳುತ್ತದೆ. ನಡುವೆ ಎಲ್ಲಿಂದಲೋ ಒಂದು ದೆವ್ವದ ಸ್ವರ ಕೂಗುತ್ತದೆ. ಮಗಳ ಬಟ್ಟೆಯ ಹೇರ್‌ಬ್ಯಾಂಡ್ ತಂದು ಮೊದಲನೇ ಫ್ರೆಟ್ ಮೇಲೆ ಸುತ್ತಿದೆ. ಮುಕ್ಕಾಲು ಪಾಲು ದೆವ್ವ ಓಡಿಹೋದವು. ಕಾರ್ಡ್ ಹಿಡಿಯುವಾಗ ಅದನ್ನು ನಟ್ (ಕುತ್ತಿಗೆಯ ತುದಿಯ ಪಟ್ಟಿ) ದಾಟಿಸಿ ಗಿಟಾರಿನ ತಲೆಯ ಕಡೆಗೆ ತಳ್ಳುತ್ತೇನೆ. ತಂತಿಯನ್ನು ಸವರಬಾರದು, ಒಂದೇ ಸಲ ಚೊಕ್ಕವಾಗಿ ಮೀಟಬೇಕು. ಆಮೇಲೆ ಉಸಿರು. ಕೊಳಲಿನವನಿಗೆ ಉಸಿರು ಬೇಕು, ಗಿಟಾರಿನವನಿಗೆ ಬೇಡ. ಹಾಗಾಗಿ ನಾವು ನಿಲ್ಲಿಸದೆ ಹೊಡೆಯುತ್ತಾ ಹೋಗುತ್ತೇವೆ, ಜನಕ್ಕೆ ಅದು ಕೊಳಲು ಅನ್ನಿಸುವುದಿಲ್ಲ. ಈಗ ಬಿಟ್ ನುಡಿಸುವಾಗ ನಾನೂ ಬಾಯಲ್ಲಿ ಮೆಲ್ಲಗೆ ಊದುತ್ತೇನೆ. ನನ್ನ ಉಸಿರು ಮುಗಿದಲ್ಲಿ ಸ್ವರವನ್ನೂ ಬಿಡುತ್ತೇನೆ.

ಕರೆಂಟಿನದು ಬೇರೆ ಕಥೆ. ಪೆಂಡಾಲಿನಲ್ಲಿ ಕರೆಂಟ್ ಹೋಗಿ ಜನರೇಟರ್ ಬರುವ ಹತ್ತು ಸೆಕೆಂಡಿನಲ್ಲಿ ಇಂಟರ್‌ಫೇಸ್ ಆಫ್ ಆಗಿ, ಆಪ್ ಅದನ್ನು ಮರೆತು ಕೂತಿತು. ಈಗ ಇಂಟರ್‌ಫೇಸೂ ಟ್ಯಾಬ್ಲೆಟ್ಟೂ ಪವರ್ ಬ್ಯಾಂಕಿನಲ್ಲೇ ಓಡುತ್ತವೆ. ಏರ್‌ಪ್ಲೇನ್ ಮೋಡ್ ಅಂತೂ ಹಾಕಲೇಬೇಕು.

ದೀಪಾವಳಿಗೆ ಕೀಬೋರ್ಡ್ ಹುಡುಗ ಊರಿಗೆ ಬಂದ. ಗಿಟಾರ್ ಇಸ್ಕೊಂಡು ಎರಡು ಸಾಲು ನುಡಿಸಿ, ಮುಖ ಸಣ್ಣ ಮಾಡಿದ.

"ಅಣ್ಣ, ಇದು ಒಂಚೂರು ತಡ ಅಲ್ವಾ?"

"ಹೂಂ ಕಣೋ, ನಾನು ಒಂಚೂರು ಮುಂಚೇನೇ ಮೀಟ್ತೀನಿ."