ಕಪಾಟಿನಲ್ಲಿದ್ದ ಪುಸ್ತಕ ಹುಡುಕಾಟದಲ್ಲಿ ಸಿಗದಿದ್ದಾಗ: ಕನ್ನಡ ಡೇಟಾಬೇಸ್ ಸರಿಪಡಿಸಿದ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಒಂದು ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಜಾಲತಾಣಕ್ಕೆ ಏರಿಸುವ ಕೆಲಸವನ್ನು ನಾನು ಒಪ್ಪಿಕೊಂಡದ್ದು 2019ರಲ್ಲಿ. ಸುಮಾರು ಹನ್ನೊಂದು ಸಾವಿರ ಪುಸ್ತಕಗಳು. ಅವುಗಳಲ್ಲಿ ಎಂಟು ಸಾವಿರದಷ್ಟು ಕನ್ನಡ, ಉಳಿದವು ಹೆಚ್ಚಾಗಿ ಮಲಯಾಳ. ಪಿಎಚ್‌ಪಿ, ಮೈಎಸ್‌ಕ್ಯೂಎಲ್ (ತಾಣ ಬರೆಯುವ ಭಾಷೆ ಮತ್ತು ಮಾಹಿತಿ ಇಡುವ ಡೇಟಾಬೇಸ್) ನನಗೆ ಹೊಸತಾಗಿರಲಿಲ್ಲವಾದ್ದರಿಂದ ತಾಣ ಎರಡು ವಾರಗಳಲ್ಲಿ ಸಿದ್ಧವಾಯಿತು. ಹುಡುಕಾಟ ಮತ್ತು ಅಕಾರಾದಿ ಜೋಡಣೆ ಸರಿಯಾಗುವುದಕ್ಕೆ ಮಾತ್ರ ಮೂರು ವರ್ಷ ಹಿಡಿಯಿತು.

ಮೊದಲ ದೂರು ಬಂದದ್ದು ಗ್ರಂಥಾಲಯದ ಕಾರ್ಯದರ್ಶಿಗಳಾದ ನಿವೃತ್ತ ಮಾಷ್ಟ್ರಿಂದ. ಅವರು ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ಹುಡುಕಿದರೆ ಎರಡೇ ಪುಸ್ತಕಗಳು ಬರುತ್ತಿದ್ದವು. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಹದಿನೈದಕ್ಕಿಂತ ಹೆಚ್ಚು ಇದ್ದವು. "ಪುಸ್ತಕ ಕಣ್ಣೆದುರು ಉಂಟು, ನಿಮ್ಮ ಕಂಪ್ಯೂಟರ್ ಇಲ್ಲ ಅಂತ ಹೇಳುತ್ತದೆ. ನಾನು ಯಾವುದನ್ನು ನಂಬುವುದು?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಪರಿಚಯದ ಪ್ರೋಗ್ರಾಮರುಗಳನ್ನು ಕೇಳಿದೆ. ಕನ್ನಡಕ್ಕೆ ಮೈಎಸ್‌ಕ್ಯೂಎಲ್ ಆಗುವುದಿಲ್ಲ, ಇಲಾಸ್ಟಿಕ್‌ಸರ್ಚ್ ಎಂಬ ಪ್ರತ್ಯೇಕ ಹುಡುಕಾಟದ ತಂತ್ರಾಂಶ ಹಾಕಲೇಬೇಕು ಎಂಬುದು ಹೆಚ್ಚಿನವರ ಅಭಿಪ್ರಾಯವಾಗಿತ್ತು. ಒಂದು ಕಂಪೆನಿ ಎಲ್ಲವನ್ನೂ ಹೊಸದಾಗಿ ಮಾಡಿಕೊಡಲು ಒಂದು ಲಕ್ಷದ ಎಂಬತ್ತು ಸಾವಿರ ರೂಪಾಯಿ ಕೇಳಿತು. ಇಲಾಸ್ಟಿಕ್‌ಸರ್ಚ್ ಓಡಿಸಲು ಬೇಕಾದ ಸರ್ವರಿಗೆ ತಿಂಗಳಿಗೆ ಸಾವಿರದ ಎಂಟುನೂರರಷ್ಟು ಬೀಳುತ್ತಿತ್ತು. ನಮ್ಮ ಗ್ರಂಥಾಲಯವಾದರೋ ಹಲವು ತಾಣಗಳು ಒಂದೇ ಸರ್ವರನ್ನು ಹಂಚಿಕೊಳ್ಳುವ ಹೋಸ್ಟಿಂಗಿಗೆ ವರ್ಷಕ್ಕೆ ಮೂರು ಸಾವಿರದ ಚಿಲ್ಲರೆ ಕೊಡುವುದಕ್ಕೂ ಸಮಿತಿಯಲ್ಲಿ ಚರ್ಚೆ ಮಾಡುತ್ತಿದ್ದ ಸಂಸ್ಥೆ. ಹನ್ನೊಂದು ಸಾವಿರ ಸಾಲುಗಳ ಟೇಬಲಿಗೆ ಅಷ್ಟು ದೊಡ್ಡ ಯಂತ್ರ ಬೇಕೆಂಬ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಹಾಗೆಂದು ನನ್ನ ಮೊದಲ ಹೆಜ್ಜೆ ಸರಿಯಾಗಿತ್ತು ಎಂದಲ್ಲ. ಫುಲ್‌ಟೆಕ್ಸ್ಟ್ ಇಂಡೆಕ್ಸ್ (ಪಠ್ಯದೊಳಗಿನ ಪದಗಳ ಸೂಚಿ) ಹಾಕಿ, ಪಠ್ಯವನ್ನು ತುಂಡರಿಸುವ ಎನ್‌ಗ್ರಾಮ್ ಪಾರ್ಸರ್ ಜೋಡಿಸಿ, ನನ್ನ ಲ್ಯಾಪ್‌ಟಾಪಿನಲ್ಲಿ ಹದಿನೈದು ದಿನ ಅದರ ಹಿಂದೆ ಬಿದ್ದೆ. ಅದು ಪಠ್ಯವನ್ನು ಎರಡೆರಡು ಸಂಕೇತಗಳಂತೆ (ಸಂಕೇತ ಎಂದರೆ ಒಂದೊಂದು ಅಕ್ಷರಕ್ಕೋ ಚಿಹ್ನೆಗೋ ಕಂಪ್ಯೂಟರ್ ಬಳಸುವ ಸಂಖ್ಯೆ) ಕತ್ತರಿಸುತ್ತದೆ. ನಾವು ಒಂದು ಅಕ್ಷರವೆಂದು ಎಣಿಸುವ 'ನ್ನ' ಅದಕ್ಕೆ ಮೂರು ಸಂಕೇತ. 'ಕನ್ನಡ' ಎಂದು ಹುಡುಕಿದರೆ 'ನಡ' ಎಂಬ ತುಂಡು ಇರುವ ನಡತೆ, ನಡಿಗೆ, ನಡುಮನೆ ಎಲ್ಲವೂ ಬಂದು ಕೂರುತ್ತಿದ್ದವು. ಎಲ್ಲ ತುಂಡುಗಳೂ ಸಾಲಾಗಿ ಇದ್ದರೆ ಮಾತ್ರ ಹಿಡಿಯುವ ಬೂಲಿಯನ್ ಮೋಡ್‌ಗೆ ಬದಲಿಸಿ ಅದನ್ನು ಹತೋಟಿಗೆ ತಂದು ಹೋಸ್ಟಿಂಗಿಗೆ ಏರಿಸಲು ಹೋದಾಗ ಅಲ್ಲಿ ಇದ್ದದ್ದು ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿ, ಮತ್ತು ಅದರಲ್ಲಿ ಆ ಪಾರ್ಸರ್ ಇರಲೇ ಇಲ್ಲ. ಸರ್ವರಿನ ಆವೃತ್ತಿಯನ್ನು ಮೊದಲ ದಿನವೇ ನೋಡಿದ್ದರೆ ಆ ಹದಿನೈದು ದಿನ ಉಳಿಯುತ್ತಿತ್ತು.

ಆಮೇಲೆ ಒಂದು ರಾತ್ರಿ ಸಿಗದ ಪುಸ್ತಕಗಳಲ್ಲಿ ಒಂದನ್ನು ಹಿಡಿದು, ಅದರ ಹೆಸರಿನ ಮೇಲೆ ಒಳಗಿರುವ ಬೈಟುಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಓಡಿಸಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸವದು. ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್‌-8ರಲ್ಲಿ 'ಕ' ಅಕ್ಷರ ಮೂರು ಬೈಟು: ಇ0, ಬಿ2, 95. ನನಗೆ ಕಂಡದ್ದು ಸಿ3 ಎ0 ಸಿ2 ಬಿ2 ಎಂದು ಆರಂಭವಾಗುವ ಉದ್ದನೆಯ ಸಾಲು. ಪುಸ್ತಕದ ವಿವರ ತುಂಬುವ ಫಾರ್ಮಿನ ಸಂಪರ್ಕ ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಸಂಕೇತಪದ್ಧತಿಯಾದ ಲ್ಯಾಟಿನ್‌-1ರಲ್ಲಿ ಉಳಿದಿತ್ತು. ಹಾಗಾಗಿ ಪ್ರತಿ ಹೆಸರೂ ಎರಡು ಬಾರಿ ಸಂಕೇತಗೊಂಡು ಒಳಗೆ ಹೋಗಿತ್ತು. ತೋರಿಸುವ ಪುಟವೂ ಅದೇ ಸಂಪರ್ಕವನ್ನು ಬಳಸುತ್ತಿದ್ದುದರಿಂದ ತಪ್ಪು ಹೋದ ದಾರಿಯಲ್ಲೇ ಮರಳಿ ಬಂದು ತೆರೆಯ ಮೇಲೆ ಚಂದದ ಕನ್ನಡವಾಗಿ ಕಾಣುತ್ತಿತ್ತು. ಪಿಎಚ್‌ಪಿ ಮೈಅಡ್ಮಿನ್ ಎಂಬ ಡೇಟಾಬೇಸ್ ನಿರ್ವಹಣೆಯ ಸಾಧನದ ಮೂಲಕ ಏರಿಸಿದ ಎಕ್ಸೆಲ್ ಕಡತಗಳ ಸಾಲುಗಳು ಮಾತ್ರ ಸರಿಯಾಗಿದ್ದವು. ಆದರೆ ಅವು ಪುಟದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತಿದ್ದುದರಿಂದ ಕೆಟ್ಟವು ಅವೇ ಎಂದು ನಾನು ತಿಳಿದುಕೊಂಡಿದ್ದೆ.

ಇಲ್ಲಿ ನನ್ನ ಅತಿ ದೊಡ್ಡ ನಷ್ಟವಾಯಿತು. ಲ್ಯಾಟಿನ್‌-1ಕ್ಕೆ ತಿರುಗಿಸಿ, ಬೈನರಿ ಮಾಡಿ, ಮತ್ತೆ ಯುಟಿಎಫ್‌-8 ಎಂದು ಓದಿಸುವ ಕ್ವೆರಿಯನ್ನು (ಡೇಟಾಬೇಸಿಗೆ ಕೊಡುವ ಆದೇಶ) ಇಡೀ ಟೇಬಲಿನ ಮೇಲೆ ಒಮ್ಮೆಲೇ ಓಡಿಸಿಬಿಟ್ಟೆ. ಎರಡು ಬಾರಿ ಸಂಕೇತಗೊಂಡ ಸಾಲುಗಳು ಸರಿಯಾದವು. ಮೊದಲೇ ಸರಿಯಿದ್ದ ಸಾವಿರದ ನಾಲ್ಕುನೂರರಷ್ಟು ಸಾಲುಗಳು ನಿಜವಾಗಿಯೇ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋದವು, ಮರಳಿ ತರುವ ದಾರಿಯೇ ಇರಲಿಲ್ಲ. ನನ್ನಲ್ಲಿದ್ದ ಬ್ಯಾಕಪ್ ಆ ಸಾಲುಗಳು ಸೇರುವ ಮುಂಚಿನದು, ಎಕ್ಸೆಲ್ ಕಡತಗಳನ್ನು ಯಾರೋ ಅಳಿಸಿಯಾಗಿತ್ತು. ಇಬ್ಬರು ಕಾಲೇಜು ಹುಡುಗರನ್ನು ಕೂರಿಸಿ, ಸಾಲಿಗೆ ಐದು ರೂಪಾಯಿಯಂತೆ ಕೊಟ್ಟು, ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ಮತ್ತೆ ಬರೆಸಿದೆ. ಏಳು ಸಾವಿರ ರೂಪಾಯಿ ನನ್ನ ಕೈಯಿಂದ ಹೋಯಿತು. ಇಡೀ ಕೆಲಸಕ್ಕೆ ನನಗೆ ಸಿಕ್ಕಿದ್ದು ಇಪ್ಪತ್ತೆರಡು ಸಾವಿರ. ಹೆಕ್ಸ್ ರೂಪ ಸಿ3ಎ0 ಎಂದು ಆರಂಭವಾಗುವ ಸಾಲುಗಳನ್ನು ಮಾತ್ರ ಆರಿಸುವ ಒಂದು ಷರತ್ತು ಸೇರಿಸಿದ್ದರೆ ಈ ಖರ್ಚು ಇರುತ್ತಿರಲಿಲ್ಲ. ಸರಿಯಾದ ಕನ್ನಡದ ಸಾಲು ಇ0ಬಿ2 ಎಂದೇ ಆರಂಭವಾಗುತ್ತದೆ, ಮಲಯಾಳದ್ದು ಇ0ಬಿ4. ಬೇರ್ಪಡಿಸುವುದು ಅಷ್ಟು ಸುಲಭವಾಗಿತ್ತು.

ಇದೇ ದುರಸ್ತಿಯನ್ನು ಮೊದಲು ಲ್ಯಾಪ್‌ಟಾಪಿನಲ್ಲಿ ಪೈಥಾನ್ ಭಾಷೆ ಬಳಸಿ ಪ್ರಯತ್ನಿಸಿದ್ದೆ ಎಂಬುದನ್ನೂ ಹೇಳಬೇಕು. ಮೈಎಸ್‌ಕ್ಯೂಎಲ್ ಲ್ಯಾಟಿನ್‌-1 ಎಂದು ಕರೆಯುವುದು ವಾಸ್ತವವಾಗಿ ವಿಂಡೋಸಿನ 1252 ಸಂಕೇತಪಟ್ಟಿ. ಅದರಲ್ಲಿ ಐದು ಬೈಟುಗಳಿಗೆ ಅಕ್ಷರವಿಲ್ಲ. ಮೈಎಸ್‌ಕ್ಯೂಎಲ್ ಅವನ್ನು ಹಾಗೆಯೇ ದಾಟಿಸುತ್ತದೆ, ಪೈಥಾನ್ ತಡೆಯುತ್ತದೆ. ದೋಷವನ್ನು ಕಡೆಗಣಿಸು ಎಂದು ಬರೆದೆ. ಆ ಐದರಲ್ಲಿ ಒಂದು 8ಡಿ. ಕನ್ನಡದ ವಿರಾಮ, ಅಂದರೆ ಒತ್ತಕ್ಷರ ಕಟ್ಟುವ ಹಲಂತದ ಚಿಹ್ನೆಯ ಕೊನೆಯ ಬೈಟು ಕೂಡ 8ಡಿ. ಪರಿಣಾಮವಾಗಿ 'ಕನ್ನಡ' ಎಂಬುದು 'ಕನನಡ' ಆಯಿತು. ಇಡೀ ಪಟ್ಟಿಯಲ್ಲಿ ಒಂದು ಒತ್ತಕ್ಷರವೂ ಉಳಿಯಲಿಲ್ಲ.

ಸಂಕೇತದ ತೊಡಕು ಬಿಡಿಸಿದ ಮೇಲೆಯೂ ನಾಲ್ಕರಲ್ಲಿ ಒಂದು ಹುಡುಕಾಟ ಬರಿಗೈಯಲ್ಲಿ ಮರಳುತ್ತಿತ್ತು. ಈ ಹಂತದಲ್ಲಿ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ) ಬದಲಿಸಿ ನೋಡುವುದು ಎಲ್ಲರ ಅಭ್ಯಾಸ. ನಾನೂ ಬದಲಿಸಿ ನೋಡಿದೆ, ಉಪಯೋಗವಾಗಲಿಲ್ಲ. ತಪ್ಪು ಇದ್ದದ್ದು ಡೇಟಾಬೇಸಿನಲ್ಲಲ್ಲ, ನಾವು ಒಳಗೆ ಹಾಕಿದ ಕನ್ನಡದಲ್ಲಿ. 'ಕುಂಬಳೆ' ಎಂಬ ಊರಿನ ಹೆಸರನ್ನು ಸುಮಾರು ಮುನ್ನೂರು ಕಡೆ ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನು ಒತ್ತಿ 'ಕು೦ಬಳೆ' ಎಂದು ಟೈಪ್ ಮಾಡಲಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ವಿಸರ್ಗದ ಜಾಗದಲ್ಲಿ ಇಂಗ್ಲಿಷಿನ ಕೋಲನ್ ಇತ್ತು. 'ಸಾಫ್ಟ್‌ವೇರ್'ನಂಥ ಪದಗಳ ನಡುವೆ ಕಾಣದ ಬಿಡಿಸುವ ಅಕ್ಷರವನ್ನು ಕೆಲವರು ಹಾಕಿದ್ದರು, ಕೆಲವರು ಹಾಕಿರಲಿಲ್ಲ; 'ರ‍್ಯಾಂಕ್' ಪದದ ಕಾಣದ ಜೋಡಕವನ್ನು ಕೆಲವರು ವಿರಾಮಕ್ಕೆ ಮೊದಲು, ಕೆಲವರು ಅದರ ನಂತರ ಇಟ್ಟಿದ್ದರು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳಿಂದ ಪರಿವರ್ತನೆಯಾಗಿ ಬಂದ ಸಾಲುಗಳಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು, ಮತ್ತು 'ಕೋ' ಎಂಬುದರ ಸ್ವರಚಿಹ್ನೆ ಒಂದೇ ಸಂಕೇತವಾಗಿರುವ ಬದಲು ಮೂರು ತುಂಡುಗಳಾಗಿತ್ತು. ಈ ತುಂಡುಗಳನ್ನು ಒಂದಾಗಿಸಲು ಪಿಎಚ್‌ಪಿಯಲ್ಲಿ ನಾರ್ಮಲೈಸರ್ ಇದೆ, ಆದರೆ ನಮ್ಮ ಹೋಸ್ಟಿಂಗಿನಲ್ಲಿ ಆ ಎಕ್ಸ್‌ಟೆನ್ಷನ್ ಇರಲಿಲ್ಲ. ಕನ್ನಡದಲ್ಲಿ ಹೀಗೆ ಒಡೆಯುವ ಸ್ವರಚಿಹ್ನೆಗಳು ಐದೇ ಆದ್ದರಿಂದ ಪಟ್ಟಿಯನ್ನು ಕೈಯಿಂದಲೇ ಬರೆದೆ.

ಆದ್ದರಿಂದ ನಾನು ಮಾಡಿದ್ದು ಇಷ್ಟು: ಶೀರ್ಷಿಕೆ ಮತ್ತು ಲೇಖಕರ ಮೂಲ ಕಾಲಮ್‌ಗಳನ್ನು ಮುಟ್ಟದೆ, ಪಕ್ಕದಲ್ಲಿ ಹುಡುಕಾಟಕ್ಕೊಂದು, ಜೋಡಣೆಗೊಂದು ಕಾಲಮ್ ಇಟ್ಟೆ. ಮೇಲೆ ಹೇಳಿದ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಒಂದು ಫಂಕ್ಷನ್ ಬರೆದು, ಪುಸ್ತಕ ಸೇರುವಾಗ ಅದರ ಫಲವನ್ನು ಹುಡುಕಾಟದ ಕಾಲಮ್‌ನಲ್ಲಿ ಉಳಿಸಿದೆ. ಓದುಗರು ಹುಡುಕುವಾಗ ಟೈಪ್ ಮಾಡಿದ್ದೂ ಅದೇ ಫಂಕ್ಷನ್ ಮೂಲಕ ಹಾದುಹೋಗುವಂತೆ ಮಾಡಿದೆ. ಸೊನ್ನೆಯನ್ನು ಅನುಸ್ವಾರ ಮಾಡುವಾಗ ಒಮ್ಮೆ ಎಡವಿ, '೧೦' ಎಂಬ ಸಂಪುಟದ ಸಂಖ್ಯೆಯೂ '೧ಂ' ಆಯಿತು. ಪಕ್ಕದಲ್ಲಿ ಅಂಕೆ ಇದ್ದರೆ ಬಿಟ್ಟುಬಿಡು ಎಂಬ ನಿಯಮ ಆಮೇಲೆ ಬಂತು. ಹುಡುಕುವ ಕ್ವೆರಿ ಪದದ ತುಂಡನ್ನು ಹೋಲಿಸುವ ಬರಿಯ ಲೈಕ್, ಎರಡೂ ಬದಿಗೆ ಶೇಕಡಾ ಚಿಹ್ನೆ. ಅದು ಇಂಡೆಕ್ಸ್ ಬಳಸುವುದಿಲ್ಲವೆಂದು ಗೆಳೆಯರು ಆಕ್ಷೇಪಿಸಿದರು. ನಿಜ, ಬಳಸುವುದಿಲ್ಲ. ಆದರೂ ಹನ್ನೊಂದು ಸಾವಿರ ಸಾಲುಗಳನ್ನು ಓದಿ ಮುಗಿಸಲು ಅದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಹಿಡಿಯುವುದಿಲ್ಲ.

ಕಿಞ್ಞಣ್ಣ ರೈಗಳ ಹೆಸರು ಮಾತ್ರ ಇಷ್ಟಕ್ಕೂ ಬಗ್ಗಲಿಲ್ಲ. ಕಿಞ್ಞಣ್ಣ, ಕಿಂಞಣ್ಣ, ಕಿಞಣ್ಣ, ಕಿನ್ಯಣ್ಣ ಎಂದು ನಾಲ್ಕು ಬಗೆ, ಮುಂದೆ ಕಯ್ಯಾರ ಮತ್ತು ಕೈಯಾರ ಎಂದು ಎರಡು ಬಗೆ. ಇದಕ್ಕಾಗಿ ಶಕಾರ ಷಕಾರಗಳನ್ನೂ, ಅಲ್ಪಪ್ರಾಣ ಮಹಾಪ್ರಾಣಗಳನ್ನೂ, ಹ್ರಸ್ವ ದೀರ್ಘಗಳನ್ನೂ ಒಂದು ಮಾಡುವ ಸಡಿಲ ರೂಪವೊಂದನ್ನು ಕಟ್ಟಿದೆ. ಮೊದಲು ಅದನ್ನೇ ಎಲ್ಲ ಹುಡುಕಾಟಗಳಿಗೆ ಹಾಕಿದಾಗ ಫಲಿತಾಂಶ ಕಿಕ್ಕಿರಿದು ಬಂದು, ಬೇಕಾದ ಪುಸ್ತಕ ಮೂರನೆಯ ಪುಟಕ್ಕೆ ಹೋಯಿತು. ಈಗ ಬಿಗಿ ರೂಪದಲ್ಲಿ ಏನೂ ಸಿಗದಿದ್ದರೆ ಮಾತ್ರ ಸಡಿಲ ರೂಪ ಓಡುತ್ತದೆ. ಸಡಿಲ ರೂಪದ ನಿಯಮಗಳು ನಲವತ್ತರಷ್ಟಿವೆ, ಅವುಗಳ ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ. ಆ ಪಟ್ಟಿಯನ್ನು ಇಲ್ಲಿ ಕೊಡುತ್ತಿಲ್ಲ. ಅದು ನನ್ನ ಹೊಟ್ಟೆಪಾಡಿನ ಭಾಗ.

ಊರಿನ ಹೆಸರುಗಳಿಗೆ ಯಾವ ನಿಯಮವೂ ಸಾಲದು. ನಾವು ಹೊಸದುರ್ಗ ಎಂದು ಹುಡುಕುವ ಊರನ್ನು ಮಲಯಾಳ ಬಲ್ಲವರು ಕಾಞಂಗಾಡ್ ಎಂದು ಹುಡುಕುತ್ತಾರೆ. ಮಂಜೇಶ್ವರ, ನೀಲೇಶ್ವರಗಳಿಗೆ ಕೊನೆಯಲ್ಲೊಂದು ಅನುಸ್ವಾರ ಸೇರುತ್ತದೆ. ಇದಕ್ಕೆ ಅರುವತ್ತು ಸಾಲುಗಳ ಪ್ರತ್ಯೇಕ ಟೇಬಲ್ ಮಾಡಿದೆ. ಫಲ ಸಿಗದ ಹುಡುಕಾಟಗಳನ್ನೆಲ್ಲ ದಾಖಲಿಸಿಕೊಂಡು ಪ್ರತಿ ಭಾನುವಾರ ಓದುತ್ತಿದ್ದುದರಿಂದಲೇ ಆ ಟೇಬಲ್ ಬೆಳೆಯಿತು. ನನ್ನ ಅನುಭವದಲ್ಲಿ ಅದಕ್ಕಿಂತ ಉಪಯುಕ್ತವಾದ ದಾಖಲೆ ಬೇರೆ ಇಲ್ಲ.

ಜೋಡಣೆಯ ಕಥೆ ಇನ್ನೊಂದು. ಶೀರ್ಷಿಕೆಯ ಮೇಲೆ ಒತ್ತಿದರೆ ಅಕಾರಾದಿಯಾಗಬೇಕಿತ್ತು, ಆಗುತ್ತಿರಲಿಲ್ಲ, ದೋಷಸಂದೇಶವೂ ಇರಲಿಲ್ಲ. ಸುರಕ್ಷತೆಗೆಂದು ಜೋಡಣೆಯ ಆದೇಶವಾದ ಆರ್ಡರ್ ಬೈ ಮುಂದಿನ ಕಾಲಮ್ ಹೆಸರನ್ನೂ, ಮಾಹಿತಿಯನ್ನು ಆಮೇಲೆ ತುಂಬುವ ಪ್ರಿಪೇರ್ಡ್ ಸ್ಟೇಟ್‌ಮೆಂಟಿನ ಪ್ರಶ್ನಾರ್ಥಕ ಚಿಹ್ನೆಗೆ ಕಟ್ಟಿದ್ದೆ. ಡೇಟಾಬೇಸ್ ಅದನ್ನು ಕಾಲಮ್ ಎಂದು ನೋಡದೆ ಒಂದು ಸ್ಥಿರ ಪದವೆಂದು ನೋಡಿ, ಎಲ್ಲ ಸಾಲುಗಳೂ ಸಮವೆಂದು ಬಿಟ್ಟುಬಿಡುತ್ತಿತ್ತು. ಒಪ್ಪಿದ ಐದು ಕಾಲಮ್ ಹೆಸರುಗಳ ಪಟ್ಟಿಯಿಂದಲೇ ಆರಿಸುವಂತೆ ಬರೆದ ಮೇಲೆ ಸರಿಯಾಯಿತು. ಒಂದೇ ಪುಸ್ತಕ ಮೂರನೆಯ ಪುಟದಲ್ಲೂ ನಾಲ್ಕನೆಯ ಪುಟದಲ್ಲೂ ಕಾಣಿಸಿ, ಇನ್ನೊಂದು ಎಲ್ಲಿಯೂ ಕಾಣಿಸದ ದೂರು ಆಮೇಲೆ ಬಂತು. ಪ್ರಕಟಣೆಯ ವರ್ಷದಂತೆ ಜೋಡಿಸುವಾಗ ಒಂದೇ ವರ್ಷದ ನೂರಾರು ಪುಸ್ತಕಗಳಿರುತ್ತವೆ, ಅವುಗಳ ನಡುವಿನ ಕ್ರಮಕ್ಕೆ ಖಾತ್ರಿಯಿಲ್ಲ. ಕೊನೆಯಲ್ಲಿ ಕ್ರಮಸಂಖ್ಯೆಯನ್ನೂ ಸೇರಿಸಿದರೆ ಮುಗಿಯಿತು.

ಮಾಷ್ಟ್ರಿಗೆ ಆಗಲೂ ಸಮಾಧಾನವಿರಲಿಲ್ಲ. ಯುನಿಕೋಡಿನ ಸಂಖ್ಯೆಗಳಲ್ಲಿ ಳಕಾರವು ಲಕಾರದ ಬೆನ್ನಿಗೇ ಇರುವುದರಿಂದ 'ಬಳ್ಳಿ' ಎಂಬುದು 'ಬಸವ'ನಿಗಿಂತ ಮೊದಲು ಬರುತ್ತಿತ್ತು. ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರಬೇಕೆಂದು ಅವರು ಪಟ್ಟು ಹಿಡಿದರು, ಮತ್ತು ಅವರು ಹೇಳಿದ್ದೇ ಸರಿ. ಅದಕ್ಕಾಗಿಯೇ ಜೋಡಣೆಯ ಕಾಲಮ್‌ನಲ್ಲಿ ಪ್ರತಿ ಅಕ್ಷರಕ್ಕೂ ನಮ್ಮ ವರ್ಣಮಾಲೆಯ ಕ್ರಮದ ಎರಡಂಕಿಯ ಸಂಖ್ಯೆ ಬರೆದಿಟ್ಟೆ. ಇದರಿಂದ ಇನ್ನೊಂದು ಲಾಭವಾಯಿತು: ಇಂಡೆಕ್ಸಿಗೆ 767 ಬೈಟುಗಳ ಮಿತಿಯಿದ್ದ ನಮ್ಮ ಹಳೆಯ ಟೇಬಲಿನಲ್ಲಿ, ನಾಲ್ಕು ಬೈಟಿನ ಲೆಕ್ಕಕ್ಕೆ 191 ಸಂಕೇತಗಳಷ್ಟೇ ಹಿಡಿಯುತ್ತಿದ್ದವು, ಅಂಕೆಗಳು ಒಂದೊಂದೇ ಬೈಟಾದ್ದರಿಂದ ಅದರ ಎರಡು ಪಾಲು ಹಿಡಿಯುತ್ತವೆ. ಹೆಸರಿನ ಮೊದಲಿನ 'ಶ್ರೀ'ಯನ್ನು ಈ ಕಾಲಮ್‌ನಲ್ಲಿ ಕೈಬಿಟ್ಟೆ, ಇಲ್ಲದಿದ್ದರೆ ಯಕ್ಷಗಾನ ಪ್ರಸಂಗಗಳೂ ಸ್ತೋತ್ರಗಳೂ ಶಕಾರದಲ್ಲೇ ರಾಶಿ ಬೀಳುತ್ತಿದ್ದವು. ಭಾಗ 10 ಎಂಬುದು ಭಾಗ 2ಕ್ಕಿಂತ ಮೊದಲು ಬರದಂತೆ ಸಂಖ್ಯೆಗಳ ಮುಂದೆ ಸೊನ್ನೆ ತುಂಬಿದೆ. ಎಂ. ಗೋವಿಂದ ಪೈಗಳು ಎಕಾರದಲ್ಲಿ ಕೂರದೆ ಗಕಾರದಲ್ಲಿ ಬರುವಂತೆ ಇನಿಷಿಯಲ್ ಬಿಡಿಸುವ ಬಗೆಯೊಂದಿದೆ. ಅದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

2022ರ ಕೊನೆಗೆ ಮಾಷ್ಟ್ರು ತಮ್ಮ ಹಳೆಯ ಕೈಬರಹದ ರಿಜಿಸ್ಟರನ್ನು ಮುಂದಿಟ್ಟುಕೊಂಡು ಬಕಾರದ ಇನ್ನೂರು ಶೀರ್ಷಿಕೆಗಳನ್ನು ಒಂದೊಂದಾಗಿ ತಾಳೆ ನೋಡಿದರು. ತಪ್ಪು ಸಿಕ್ಕಿದ್ದು ಎರಡು ಕಡೆ, ಎರಡೂ ರಿಜಿಸ್ಟರಿನದೇ. ಹೋಸ್ಟಿಂಗ್ ಅದೇ ಹಳೆಯದು, ವರ್ಷದ ಖರ್ಚೂ ಹೆಚ್ಚುಕಡಿಮೆ ಅಷ್ಟೇ. ಇಲಾಸ್ಟಿಕ್‌ಸರ್ಚ್ ಬೇಕೆಂದಿದ್ದ ಗೆಳೆಯರಲ್ಲಿ ಒಬ್ಬರು ತಮ್ಮ ಊರಿನ ಗ್ರಂಥಾಲಯದ ಕೆಲಸವನ್ನು ನನಗೇ ಒಪ್ಪಿಸಿದರು.

ಮಲಯಾಳದ ಪಾಲು ಇನ್ನೂ ಅರ್ಧದಲ್ಲಿದೆ. ಕಾಣದ ಜೋಡಕಗಳನ್ನು ಅಲ್ಲಿಯೂ ತೆಗೆದುಹಾಕಿದಾಗ ಚಿಲ್ಲಕ್ಷರಗಳು (ಸ್ವರವಿಲ್ಲದ ವ್ಯಂಜನಕ್ಕೆ ಮಲಯಾಳದಲ್ಲಿರುವ ವಿಶೇಷ ರೂಪಗಳು) ಎರಡು ಬಗೆಯಾದವು: 2008ರಲ್ಲಿ ಬಂದ ಯುನಿಕೋಡ್ 5.1ಕ್ಕಿಂತ ಹಿಂದಿನ ರೀತಿಯಲ್ಲಿ ಚಿಲ್ಲು ಎಂದರೆ ವ್ಯಂಜನ, ವಿರಾಮ ಮತ್ತು ಜೋಡಕ. ಆಮೇಲಿನ ರೀತಿಯಲ್ಲಿ ಅದು ಸ್ವತಂತ್ರವಾದ ಒಂದೇ ಸಂಕೇತ. ಹೊಸ ಚಿಲ್ಲನ್ನು ವ್ಯಂಜನ ಮತ್ತು ವಿರಾಮವಾಗಿ ಒಡೆದು ಎರಡನ್ನೂ ಒಂದು ಮಾಡುವ ಪಟ್ಟಿಯನ್ನು ಬರೆದಿದ್ದೇನೆ. ಮೂರು ಸಾವಿರ ಪುಸ್ತಕಗಳಲ್ಲಿ ಎಂಟುನೂರರಷ್ಟನ್ನು ತಾಳೆ ನೋಡಿಯಾಗಿದೆ.