ಶುಗರ್ ಗ್ಲೈಡರ್ ಸಾಕುವುದಾದರೆ ಗುಂಪಾಗಿಯೇ ಸಾಕಿ

ಶುಗರ್ ಗ್ಲೈಡರ್ ಒಂದನ್ನೇ ತರಬೇಡಿ. ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ, ಮರದಿಂದ ಮರಕ್ಕೆ ತೇಲುವ ಪುಟ್ಟ ಪ್ರಾಣಿ ಇದು; ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಕಾಡಿನಲ್ಲಿ ಒಂದೇ ಪೊಟರೆಯೊಳಗೆ ಗುಂಪಾಗಿ ಮಲಗುತ್ತದೆ. ಒಂಟಿಯಾದರೆ ತನ್ನ ಬಾಲವನ್ನೇ ಕಚ್ಚಿ ಗಾಯ ಮಾಡಿಕೊಳ್ಳುವುದುಂಟು. ಹತ್ತು–ಹನ್ನೆರಡು ವರ್ಷ ಬದುಕುತ್ತದೆ, ರಾತ್ರಿಯೆಲ್ಲ ಎಚ್ಚರವಿದ್ದು ನಾಯಿಮರಿಯಂತೆ ಬೊಗಳುತ್ತದೆ. ಮನೆಮಂದಿಗೆ ಇದನ್ನು ಮೊದಲೇ ಹೇಳಿರಿ. ದಾಂಡೇಲಿ ಕಡೆಯ ಹಾರುವ ಅಳಿಲನ್ನು ತೋರಿಸಿ ‘ಇದೂ ಅದೇ’ ಎಂದು ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಸಂತಾನಹರಣ ಮಾಡಿಸಿದ ಒಂದು ಗಂಡು, ಎರಡು ಹೆಣ್ಣು: ಹೊಸಬರಿಗೆ ಇದೇ ಸರಿಯಾದ ಗುಂಪು. ಗಂಡಿಗೆ ಆಪರೇಷನ್ ಮಾಡಿಸದಿದ್ದರೆ 16 ದಿನದ ಗರ್ಭ, ಆಮೇಲೆ ಸುಮಾರು 70 ದಿನ ತಾಯಿಯ ಚೀಲ. ನೋಡನೋಡುತ್ತ ಗೂಡು ತುಂಬುತ್ತದೆ. ಮರಿ ಚೀಲದಿಂದ ಹೊರಬಂದು 8 ವಾರ ಆಗದೆ ತರಬೇಡಿ. ಬಲಿತ ಗಂಡಿನ ನೆತ್ತಿ ಬೋಳಾದರೆ ಗಾಬರಿ ಬೇಡ, ಅದು ವಾಸನೆ ಗ್ರಂಥಿ.

ಹಳೆಯ ಗುಂಪಿಗೆ ಹೊಸದನ್ನು ಸೇರಿಸುವಾಗಲೇ ಹೆಚ್ಚಿನವರು ಎಡವುತ್ತಾರೆ. ಮೊದಲ 30 ದಿನ ಬೇರೆ ಕೋಣೆ. ಆಮೇಲೆ ಎರಡೂ ಗೂಡು ಅಕ್ಕಪಕ್ಕ ಇಟ್ಟು, ಒಂದು–ಎರಡು ವಾರ ಮಲಗುವ ಬಟ್ಟೆಚೀಲಗಳನ್ನು ಅದಲುಬದಲು ಮಾಡಿ. ಇವು ಗುರುತು ಹಿಡಿಯುವುದು ವಾಸನೆಯಿಂದ. ಮೊದಲ ಭೇಟಿ ಯಾವುದರ ಗೂಡೂ ಅಲ್ಲದ ಜಾಗದಲ್ಲಿ ಆಗಲಿ. ಬಾತ್‌ರೂಮ್ ಸಾಕು, ಬಕೆಟ್ಟಿನ ನೀರು ಚೆಲ್ಲಿ, ಕಮೋಡ್ ಮುಚ್ಚಿಡಿ. ಗುರುಗುಟ್ಟಲಿ ಬಿಡಿ. ಉಂಡೆಯಾಗಿ ಉರುಳಾಡಿ ಕಚ್ಚಾಡಿದರೆ ಟವೆಲ್ ಎಸೆದು ಬೇರ್ಪಡಿಸಿ, ಬರಿಗೈ ಹಾಕಬೇಡಿ.

ಮೂರಕ್ಕೆ ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಎತ್ತರದ ಗೂಡು ಬೇಕು. ಕಂಬಿಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಸಂದು ಇರಬಾರದು. ಕೋಳಿಗೂಡಿನ ಜಾಲರಿ ಅಗ್ಗವೇನೋ ಹೌದು, ಆದರೆ ಮೂತ್ರ ಬಿದ್ದು ಅದರ ಸತುವಿನ ಲೇಪ ಕಿತ್ತು ಬರುತ್ತದೆ, ನೆಕ್ಕಿದರೆ ವಿಷ. ಮಲಗುವ ಚೀಲ ದಾರ ಏಳದ ಮೆತ್ತನೆಯ ಫ್ಲೀಸ್ ಬಟ್ಟೆಯದೇ ಇರಲಿ. ದಾರ ಎದ್ದ ಬಟ್ಟೆಗೆ ಉಗುರು ಸಿಕ್ಕಿ ಬೆರಳು ಹೋಗುತ್ತದೆ.

ಊಟಕ್ಕೆ ಲೆಡ್‌ಬೀಟರ್ ಮಿಶ್ರಣ: ಉಗುರುಬೆಚ್ಚಗಿನ ನೀರು 150 ಮಿ.ಲೀ., ಜೇನು 150 ಮಿ.ಲೀ., ಸುಲಿದ ಬೆಂದ ಮೊಟ್ಟೆ 1, ಮಕ್ಕಳ ಸಿರಿಯಲ್ 25 ಗ್ರಾಂ, ವಿಟಮಿನ್–ಖನಿಜ ಪುಡಿ 1 ಟೀ ಚಮಚ. ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಐಸ್ ಟ್ರೇಗೆ ಹಾಕಿ ಫ್ರೀಜರಿನಲ್ಲಿಡಿ. 100 ಗ್ರಾಂ ತೂಗುವ ಪ್ರಾಣಿಗೆ ದಿನಕ್ಕೆ ಒಟ್ಟು 15–20 ಗ್ರಾಂ ಆಹಾರ ಸಾಕು. ಅದರಲ್ಲಿ ಅರ್ಧ ಈ ಮಿಶ್ರಣ, ಉಳಿದದ್ದು ಬಹುಪಾಲು ಹುಳ, ಮೇಲಿಷ್ಟು ಪಪ್ಪಾಯಿ ಅಥವಾ ಪೇರಲ. ಕತ್ತಲಾದ ಮೇಲೆ ಎರಡು ಬಟ್ಟಲಲ್ಲಿ ಇಡಿ, ಇಲ್ಲದಿದ್ದರೆ ಬಲವಾದದ್ದೇ ತಿಂದು ಮುಗಿಸುತ್ತದೆ. ಮೀಲ್‌ವರ್ಮ್‌ಗೆ (ಮೇವಿಗೆಂದೇ ಸಾಕುವ ಹುಳ) ಕ್ಯಾಲ್ಸಿಯಂ ಪುಡಿ ಸವರಿಯೇ ಕೊಡಿ. ಹುಳದಲ್ಲಿ, ಗೋವಿನಜೋಳದಲ್ಲಿ, ಶೇಂಗಾದಲ್ಲಿ ರಂಜಕ (ಫಾಸ್ಫರಸ್) ಹೆಚ್ಚು. ಅದನ್ನೇ ತಿನ್ನಿಸುತ್ತಾ ಹೋದರೆ ಮೂಳೆ ಟೊಳ್ಳಾಗಿ ಹಿಂಗಾಲು ಎಳೆಯತೊಡಗುತ್ತದೆ. ಹೊಲದ ಮಿಡತೆ ಬೇಡ, ಔಷಧಿ ಹೊಡೆದಿರುತ್ತಾರೆ. ಪೇಡಾವನ್ನಂತೂ ನೀವೇ ತಿನ್ನಿ.

24ರಿಂದ 27 ಡಿಗ್ರಿ ಇವಕ್ಕೆ ಹಿತ. ಏಪ್ರಿಲ್‌ನಲ್ಲಿ ಗದಗಿನ ತಗಡಿನ ಮನೆಯೊಳಗೆ ಇವು ತಡೆಯಲಾರವು. ಕೂಲರ್ ಬೇಕು, ಕರೆಂಟು ಹೋದರೆ ಬಟ್ಟೆ ಸುತ್ತಿದ ಐಸ್ ಬಾಟಲಿ ಗೂಡಿಗೆ ಆನಿಸಿಡಿ. ಧಾರವಾಡದ ಡಿಸೆಂಬರ್ ಚಳಿಗೆ ಮೈ ತಣ್ಣಗಾಗಿ ಸತ್ತಂತೆ ಮಲಗಿದರೆ, ನಿಮ್ಮ ಮೈಶಾಖದಲ್ಲಿ ಮೆಲ್ಲಗೆ ಬೆಚ್ಚಗಾಗಿಸಿ.

ಭುಜದ ಮೇಲಿನ ಚರ್ಮ ಚಿವುಟಿ ಬಿಡಿ. ತಟ್ಟನೆ ಕೂಡದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಬೆಳಗಿನ ತನಕ ಕಾಯಬೇಡಿ. ಇವನ್ನು ನೋಡಿ ಬಲ್ಲ ಪಶುವೈದ್ಯರು ಯಾರೆಂದು ತರುವ ಮೊದಲೇ ವಿಚಾರಿಸಿಟ್ಟಿರಿ. ಆಸ್ಪತ್ರೆಗೆ ಒಯ್ಯುವಾಗ ಗುಂಪಿನ ಇನ್ನೊಂದನ್ನೂ ಅದೇ ಚೀಲದಲ್ಲಿ ಹಾಕಿಕೊಳ್ಳಿ. ವಾಸನೆ ಬದಲಾಗಿ ಮರಳಿದ್ದನ್ನು ಉಳಿದವು ಹೊಸದೆಂದು ಕಚ್ಚುತ್ತವೆ.